ಹೈಸ್ಕೂಲು ಮಕ್ಕಳಿಗೆ ರೀಸನಿಂಗ್ ಮತ್ತು ವ್ಯವಹಾರದ ಲೆಕ್ಕ: ಒಂದೇ ನೋಟ್‌ಬುಕ್ಕಿನಲ್ಲಿ ಎರಡನ್ನೂ ಕಲಿಸುವುದು ಹೇಗೆ?

"ಮಗಳು ಎಂಟನೇ ಕ್ಲಾಸು ಸರ, ಎನ್‌ಎಂಎಂಎಸ್ ಬರೀತಾಳ. ರೀಸನಿಂಗ್‌ಗೆ ಯಾವ ಪುಸ್ತಕ ಕೊಡಿಸ್ಲಿ?" ಜೂನ್ ಬಂತೆಂದರೆ ಈ ಪ್ರಶ್ನೆ ಶುರು. ಎನ್‌ಎಂಎಂಎಸ್ ಅಂದರೆ ಎಂಟನೇ ತರಗತಿ ಮಕ್ಕಳು ಬರೆಯುವ ಸ್ಕಾಲರ್‌ಶಿಪ್ ಪರೀಕ್ಷೆ, ರೀಸನಿಂಗ್ ಅಂದರೆ ಅದರಲ್ಲಿ ಬರುವ ತರ್ಕದ ಪ್ರಶ್ನೆಗಳು. ಸಿಂಧನೂರು, ಗಂಗಾವತಿ, ಮಾನ್ವಿ, ಸಿರುಗುಪ್ಪ, ಎಲ್ಲ ಕಡೆಯಿಂದಲೂ ಕೇಳುತ್ತಾರೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯುವ ಹೊತ್ತಿಗೆ ಇನ್ನೊಂದು ಪ್ರಶ್ನೆ ಬರುತ್ತದೆ: "ಹುಡುಗ ಪಿಯುಸಿಗೆ ಕಾಮರ್ಸ್ ತಗೋತೀನಿ ಅಂತಾನ. ಮನಿಯಾಗ ಏನು ಕಲಿಸಬೇಕ್ರಿ?"

ಇಬ್ಬರಿಗೂ ನಾನು ಹೇಳುವುದು ಒಂದೇ. 200 ಪುಟದ ಒಂದು ನೋಟ್‌ಬುಕ್ ತನ್ನಿ. ದಿನಕ್ಕೆ ಅರ್ಧ ಗಂಟೆ ಕೊಡಿ. ಭಾಷೆಯಲ್ಲಿ ಕೇಳುವ ತರ್ಕದ ಪ್ರಶ್ನೆಗಳಿಗೂ, ವ್ಯಾಪಾರದ ಲೆಕ್ಕಕ್ಕೂ ಬೇಕಾಗುವ ಅಭ್ಯಾಸ ಒಂದೇ: ಎದುರಿಗಿರುವ ಮಾತಿನಲ್ಲಿ ಏನಿದೆಯೋ ಅಷ್ಟನ್ನೇ ಓದುವುದು. ಇಲ್ಲದ್ದನ್ನು ಸೇರಿಸಬಾರದು, ಇದ್ದದ್ದನ್ನು ಬಿಡಬಾರದು. ಈ ಅಭ್ಯಾಸ ಇಲ್ಲದ ಮಗು ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುತ್ತದೆ, ದೊಡ್ಡದಾದ ಮೇಲೆ ರೊಕ್ಕ ಕಳೆದುಕೊಳ್ಳುತ್ತದೆ. ಅದಕ್ಕೇ ಎರಡನ್ನೂ ಸೇರಿಸಿ ಕಲಿಸಿ ಅನ್ನುತ್ತೇನೆ.

ಏನೇನು ಬೇಕು

ಒಂದು ನೋಟ್‌ಬುಕ್, ಪೆನ್ಸಿಲ್, ಮಗುವಿನ ಸಮಾಜ ವಿಜ್ಞಾನದ ಪುಸ್ತಕ, ಕಳೆದ ಮೂರ್ನಾಲ್ಕು ವರ್ಷದ ಎನ್‌ಎಂಎಂಎಸ್ ಪ್ರಶ್ನೆಪತ್ರಿಕೆ. ಜೊತೆಗೆ ಮನೆಗೆ ಬರುವ ಕಾಗದಗಳು: ಕಿರಾಣಿ ಚೀಟಿ, ಕರೆಂಟ್ ಬಿಲ್, ಗೊಬ್ಬರದ ಅಂಗಡಿ ರಸೀದಿ, ಗಂಜಿನಲ್ಲಿ, ಅಂದರೆ ಎಪಿಎಂಸಿ ಮಾರುಕಟ್ಟೆಯಲ್ಲಿ, ಮಾಲು ಮಾರಿದಾಗ ಕೊಡುವ ಪಟ್ಟಿ. ಇವನ್ನು ಬಿಸಾಡಬೇಡಿ. ದುಬಾರಿ ಗೈಡ್ ಪುಸ್ತಕ ಮೊದಲ ಎರಡು ತಿಂಗಳು ಬೇಡವೇ ಬೇಡ.

1. ಶಾಲೆಯ ಪುಸ್ತಕದಲ್ಲಿ ಆಗಲೇ ಏನಿದೆ ನೋಡಿ

ನಮ್ಮ ರಾಜ್ಯ ಪಠ್ಯಕ್ರಮದಲ್ಲಿ ಎಂಟರಿಂದ ಹತ್ತನೇ ತರಗತಿವರೆಗೆ ಸಮಾಜ ವಿಜ್ಞಾನದ ಪುಸ್ತಕದಲ್ಲೇ "ವ್ಯವಹಾರ ಅಧ್ಯಯನ" ಎಂಬ ಭಾಗವಿದೆ. ಎಂಟನೇ ತರಗತಿಯಲ್ಲಿ ವ್ಯವಹಾರ ಅಂದರೇನು, ಒಬ್ಬರೇ ನಡೆಸುವ ಅಂಗಡಿ, ಪಾಲುದಾರಿಕೆ, ಸಹಕಾರ ಸಂಘ ಇವೆಲ್ಲ ಬರುತ್ತವೆ. ಹತ್ತನೇ ತರಗತಿಗೆ ಬಂದರೆ ಬ್ಯಾಂಕ್ ವ್ಯವಹಾರ, ಉದ್ಯಮಗಾರಿಕೆ, ಗ್ರಾಹಕರ ರಕ್ಷಣೆ. ಇತಿಹಾಸ, ಭೂಗೋಳ ಮುಗಿಸುವ ಹೊತ್ತಿಗೆ ವರ್ಷ ಮುಗಿದಿರುತ್ತದೆ, ಈ ಪಾಠಗಳು ಕೊನೆಯಲ್ಲಿ ಓಡುತ್ತಾ ಹೋಗುತ್ತವೆ. ಅದಕ್ಕೆ ನೀವು ಉಲ್ಟಾ ಮಾಡಿ. ರಜೆಯಲ್ಲೇ ಈ ಭಾಗ ಮೊದಲು ಓದಿಸಿ. ಪಾಠದ ಒಂದೊಂದು ಹೊಸ ಪದಕ್ಕೂ ನಿಮ್ಮೂರಿನ ಒಂದು ಉದಾಹರಣೆ ಬರೆಸಿ. ಪಾಲುದಾರಿಕೆ ಅಂದರೆ ಇಬ್ಬರು ಅಣ್ಣತಮ್ಮಂದಿರು ಸೇರಿ ಇಟ್ಟ ಟ್ರ್ಯಾಕ್ಟರ್. ಸಹಕಾರ ಸಂಘ ಅಂದರೆ ಊರಿನ ಸೊಸೈಟಿ. ಇಷ್ಟಾದರೆ ಸಾಕು, ಮುಂದೆ ಹೋಗಿ.

2. ಹೇಳಿಕೆ, ತೀರ್ಮಾನ: ಇಲ್ಲಿ ನಿಧಾನ ಮಾಡಿ

ಇಡೀ ಕಲಿಕೆಯ ಅಡಿಪಾಯ ಇದು. ಹದಿನೈದು ದಿನ ಇದಕ್ಕೇ ಕೊಟ್ಟರೂ ಜಾಸ್ತಿ ಆಗಲಿಲ್ಲ.

ಹೇಳಿಕೆ ಅಂದರೆ ಕೊಟ್ಟ ಮಾತು. ಅದು ನಿಜವೋ ಸುಳ್ಳೋ ಕೇಳಬಾರದು, ನಿಜ ಅಂತಲೇ ಹಿಡಿಯಬೇಕು. ತೀರ್ಮಾನ ಅಂದರೆ ಆ ಮಾತಿನಿಂದ ಖಂಡಿತವಾಗಿ ಹುಟ್ಟುವ ಇನ್ನೊಂದು ಮಾತು. "ಇರಬಹುದು" ಅನ್ನುವುದು ತೀರ್ಮಾನ ಆಗುವುದಿಲ್ಲ.

ಈ ಪ್ರಶ್ನೆ ಮಗುವಿಗೆ ಕೊಟ್ಟು ನೋಡಿ:

ಎಲ್ಲಾ ಹತ್ತಿ ಬೆಳೆಗಾರರು ರೈತರು. ಕೆಲವು ರೈತರು ಸಾಲಗಾರರು. ಹಾಗಾದರೆ, ಕೆಲವು ಹತ್ತಿ ಬೆಳೆಗಾರರು ಸಾಲಗಾರರು. ಸರಿಯೋ ತಪ್ಪೋ?

ರಾಯಚೂರು ಸೀಮೆಯ ಹತ್ತು ಮಕ್ಕಳಿಗೆ ಕೊಟ್ಟರೆ ಮುಕ್ಕಾಲು ಪಾಲು ಮಕ್ಕಳು "ಸರಿ" ಅನ್ನುತ್ತಾರೆ. ಯಾಕೆಂದರೆ ಹತ್ತಿ ಬೆಳೆದು ಸಾಲಕ್ಕೆ ಬಿದ್ದವರನ್ನು ಅವರು ಮನೆಯಲ್ಲೇ ನೋಡಿದ್ದಾರೆ. ಆದರೆ ಕೊಟ್ಟ ಎರಡು ಮಾತಿನಿಂದ ಅದು ಬರುವುದಿಲ್ಲ. ಸಾಲಗಾರರಾದ ಆ "ಕೆಲವು ರೈತರು" ಬರೀ ಜೋಳ ಬೆಳೆಯುವವರೇ ಆಗಿರಬಹುದು. ಉತ್ತರ: ತೀರ್ಮಾನ ಹುಟ್ಟುವುದಿಲ್ಲ.

ಇದನ್ನು ಬಾಯಿಮಾತಿನಲ್ಲಿ ವಾದ ಮಾಡಬೇಡಿ, ಸುತ್ತು ಬರೆದು ತೋರಿಸಿ. ರೈತರಿಗೆ ಒಂದು ದೊಡ್ಡ ಸುತ್ತು. ಅದರೊಳಗೆ ಹತ್ತಿ ಬೆಳೆಗಾರರ ಸಣ್ಣ ಸುತ್ತು. ಸಾಲಗಾರರ ಸುತ್ತು ರೈತರ ಸುತ್ತಿಗೆ ಒಂದು ಕಡೆ ತಾಗಿ ಸ್ವಲ್ಪ ಒಳಗೂ ಹೋಗಿರಬೇಕು, ಅಷ್ಟೇ. ಅದು ಹತ್ತಿಯ ಸುತ್ತಿಗೆ ತಾಗದಂತೆ ಬರೆಯಲು ಆಗುತ್ತದಾ? ಆಗುತ್ತದೆ ಅಲ್ವಾ? ಹಾಗಾದರೆ ತೀರ್ಮಾನ ಬಿತ್ತು. "ತಾಗದ ಹಾಗೆ ಬರೆಯೋಕೆ ಆಗುತ್ತಾ?" ಎಂಬ ಒಂದು ಪ್ರಶ್ನೆ ಕೇಳಿಕೊಳ್ಳುವ ರೂಢಿ ಬಂದರೆ ಈ ತರದ ಹೆಚ್ಚಿನ ಪ್ರಶ್ನೆಗಳು ಬಿಡಿಸಿಕೊಳ್ಳುತ್ತವೆ.

ಎಡವುವ ಜಾಗಗಳು ಮೂರಿವೆ.

"ಕೆಲವು" ಎಂಬ ಪದ. ಮಾತಿನಲ್ಲಿ ನಾವು "ಕೆಲವರು ಬಂದರು" ಅಂದರೆ ಉಳಿದವರು ಬರಲಿಲ್ಲ ಅಂತಲೇ ಅರ್ಥ. ತರ್ಕದ ಪ್ರಶ್ನೆಯಲ್ಲಿ "ಕೆಲವು" ಅಂದರೆ "ಕಡಿಮೆ ಅಂದರೂ ಒಂದು". ಎಲ್ಲರೂ ಬಂದಿದ್ದರೂ "ಕೆಲವರು ಬಂದರು" ಎಂಬ ಮಾತು ಅಲ್ಲಿ ಸುಳ್ಳಾಗುವುದಿಲ್ಲ.

ಎರಡನೆಯದು ತಿರುಗುಮುರುಗು. ಎಲ್ಲಾ ಸೋನಾ ಮಸೂರಿಯೂ ಅಕ್ಕಿ. ಅದಕ್ಕೇ ಎಲ್ಲಾ ಅಕ್ಕಿಯೂ ಸೋನಾ ಮಸೂರಿ ಅನ್ನೋಕಾಗುತ್ತದಾ? ಗಂಗಾವತಿ ಹುಡುಗರಿಗೆ ಈ ಉದಾಹರಣೆ ಒಂದು ಸಲ ಹೇಳಿದರೆ ಮರೆಯುವುದಿಲ್ಲ.

ಮೂರನೆಯದು ನಮ್ಮ ಕನ್ನಡದ್ದೇ ತೊಡಕು. "ಎಲ್ಲಾ ಹುಡುಗರು ಬಂದಿಲ್ಲ" ಅನ್ನುವ ವಾಕ್ಯಕ್ಕೆ ಎರಡು ಅರ್ಥ. ಒಬ್ಬನೂ ಬಂದಿಲ್ಲ ಎಂದೂ ಆಗುತ್ತದೆ, ಬಂದವರಲ್ಲಿ ಎಲ್ಲರೂ ಇಲ್ಲ, ಕೆಲವರು ಬಂದಿದ್ದಾರೆ ಎಂದೂ ಆಗುತ್ತದೆ. ಒಮ್ಮೆ ಒಂದು ಹುಡುಗಿ ನನ್ನ ಮುಂದೆ ಇದಕ್ಕೆ ಎರಡು ಬೇರೆ ಬೇರೆ ಚಿತ್ರ ಬರೆದು, "ಸರ, ಎರಡೂ ಸರಿ ಅದಾವಲ್ರಿ?" ಅಂದಳು. ಅವಳು ಹೇಳಿದ್ದು ನಿಜ. ಇಂಗ್ಲಿಷಿನಿಂದ ಅನುವಾದವಾದ ಪ್ರಶ್ನೆಯಲ್ಲಿ ಇಂಥ ವಾಕ್ಯ ಸಿಕ್ಕರೆ, ಪ್ರಶ್ನೆಪತ್ರಿಕೆಯಲ್ಲಿ ಇಂಗ್ಲಿಷ್ ವಾಕ್ಯವೂ ಪಕ್ಕದಲ್ಲಿದ್ದರೆ ಅದನ್ನೂ ಓದಲು ಹೇಳಿ. ಕನ್ನಡ ಮಾಧ್ಯಮದ ಮಗುವಿಗೆ "ಆಲ್", "ಸಮ್", "ನೋ", "ನಾಟ್ ಆಲ್" ಈ ನಾಲ್ಕು ಗೊತ್ತಿದ್ದರೂ ಸಾಕು.

ಈಗ ಇದೇ ಅಭ್ಯಾಸವನ್ನು ಬಜಾರಿಗೆ ಒಯ್ಯಿರಿ. ಬಟ್ಟೆ ಅಂಗಡಿ ಮುಂದೆ ಬೋರ್ಡ್ ಇರುತ್ತದೆ: "ಶೇ 50ರವರೆಗೆ ರಿಯಾಯಿತಿ". ತೀರ್ಮಾನ: "ಈ ಅಂಗಡಿಯಲ್ಲಿ ಎಲ್ಲಾ ಬಟ್ಟೆಗೂ ಅರ್ಧ ಬೆಲೆ." ಹುಟ್ಟುತ್ತದಾ? "ವರೆಗೆ" ಎಂಬ ಪದವನ್ನು ಬೆರಳಿಟ್ಟು ತೋರಿಸಲು ಹೇಳಿ. ಇನ್ನೊಂದು: "ಶೇ 50 ರಿಯಾಯಿತಿ, ಅದರ ಮೇಲೆ ಶೇ 20". ಮಕ್ಕಳು ಕೂಡಿಸಿ 70 ಅನ್ನುತ್ತಾರೆ. 1,000 ರೂಪಾಯಿಯ ಸೀರೆ ಮೊದಲು 500ಕ್ಕೆ ಬರುತ್ತದೆ, ಆ 500ರಲ್ಲಿ ಶೇ 20 ಅಂದರೆ 100 ಕಡಿಮೆ. ಕೊಡಬೇಕಾದ್ದು 400. ಒಟ್ಟು ರಿಯಾಯಿತಿ ಶೇ 60. "ಎರಡು ಕೊಂಡರೆ ಒಂದು ಉಚಿತ" ಅಂದರೆ ಮೂರರ ಮಾಲು ಎರಡರ ಬೆಲೆಗೆ, ಸುಮಾರು ಶೇ 33 ರಿಯಾಯಿತಿ. ಅದೂ ನಿಮಗೆ ಮೂರು ಬೇಕಿದ್ದರೆ ಮಾತ್ರ.

3. ರಕ್ತಸಂಬಂಧದ ಪ್ರಶ್ನೆಗಳು

ನಮ್ಮ ಮಕ್ಕಳು ಇದರಲ್ಲಿ ಹಿಂದೆ ಬೀಳುವುದು ಬುದ್ಧಿ ಕಡಿಮೆಯಾಗಿ ಅಂತ ತಿಳಿಯಬೇಡಿ. ನಮ್ಮ ಸಂಬಂಧದ ಪದಗಳೇ ಬೇರೆ ಕೆಲಸ ಮಾಡುತ್ತವೆ. "ಅತ್ತೆ" ಅಂದರೆ ಅಪ್ಪನ ಅಕ್ಕತಂಗಿ, ಸೋದರಮಾವನ ಹೆಂಡತಿ, ಗಂಡನ ಅಥವಾ ಹೆಂಡತಿಯ ತಾಯಿ, ಎಲ್ಲರೂ. "ಮಾಮಾ" ಕೂಡ ಹಾಗೇ. ಸೋದರ ಸಂಬಂಧದಲ್ಲಿ ಮದುವೆಗಳು ನಡೆಯುವ ನಮ್ಮ ಕಡೆ ಒಬ್ಬರೇ ಎರಡು ದಾರಿಯಲ್ಲಿ ನೆಂಟರಾಗಿರುತ್ತಾರೆ. ಮಗು ಪ್ರಶ್ನೆ ಓದುವಾಗ ತನ್ನ ಮನೆಯನ್ನೇ ನೆನೆಸಿಕೊಂಡರೆ ಉತ್ತರ ತಪ್ಪುತ್ತದೆ.

ಪರಿಹಾರ: ನೆಂಟಸ್ತಿಕೆಯ ಹೆಸರು ಬಿಟ್ಟು ಗೆರೆ ಬರೆಯಬೇಕು. ಗಂಡಿಗೆ ಚೌಕ, ಹೆಣ್ಣಿಗೆ ಸುತ್ತು, ಗಂಡ ಹೆಂಡತಿ ನಡುವೆ ಜೋಡಿ ಗೆರೆ, ಒಡಹುಟ್ಟಿದವರ ನಡುವೆ ಒಂಟಿ ಗೆರೆ. ಹಿರಿಯ ತಲೆಮಾರು ಮೇಲೆ, ಕಿರಿಯರು ಕೆಳಗೆ.

"ಫೋಟೊದಲ್ಲಿರುವ ಹೆಂಗಸು ನನ್ನ ಅಪ್ಪನ ಅಪ್ಪನಿಗೆ ಒಬ್ಬಳೇ ಮಗಳು" ಅಂತ ಹುಡುಗ ಹೇಳಿದರೆ ಅವಳು ಅವನಿಗೆ ಏನಾಗಬೇಕು? ಹುಡುಗ, ಅವನ ಮೇಲೆ ಅಪ್ಪ, ಅದರ ಮೇಲೆ ಅಜ್ಜ. ಅಜ್ಜನಿಂದ ಕೆಳಗೆ ಇನ್ನೊಂದು ಗೆರೆ ಇಳಿಸಿ ಸುತ್ತು ಬರೆಯಿರಿ. ಅಪ್ಪನ ಒಡಹುಟ್ಟಿದವಳು. ಅಂದರೆ ಸೋದರತ್ತೆ. ಮುಂದೆ ಅವಳ ಮಗಳನ್ನೇ ಇವನಿಗೆ ಕೊಟ್ಟರೆ ಹೆಣ್ಣು ಕೊಟ್ಟ ಅತ್ತೆಯೂ ಆಗುತ್ತಾಳೆ, ಆದರೆ ಪ್ರಶ್ನೆಯಲ್ಲಿ ಆ ಮಾತಿಲ್ಲ.

ಒಂದು ಎಚ್ಚರಿಕೆ: ಪ್ರಶ್ನೆಯಲ್ಲಿ "ಅವರು", "ಮಗು" ಅಂತಷ್ಟೇ ಇದ್ದರೆ ಗಂಡೋ ಹೆಣ್ಣೋ ನಾವೇ ನಿರ್ಧಾರ ಮಾಡಬಾರದು. ಚೌಕವೂ ಬೇಡ, ಸುತ್ತೂ ಬೇಡ, ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ. "ಹೇಳಲು ಆಗುವುದಿಲ್ಲ" ಎಂಬ ಆಯ್ಕೆ ಇದ್ದರೆ ಅದೇ ಉತ್ತರ ಆಗಿರುವ ಸಾಧ್ಯತೆ ಹೆಚ್ಚು.

4. ಸಂಕೇತ, ಸರಣಿ, ದಿಕ್ಕು

ಇವಕ್ಕೆ ವಿವರಣೆಗಿಂತ ಅಭ್ಯಾಸ ಬೇಕು, ಬೇಗ ಬೇಗ ಹೇಳುತ್ತೇನೆ.

ಸಂಕೇತದ ಪ್ರಶ್ನೆಗೆ ಇಂಗ್ಲಿಷ್ ಅಕ್ಷರಗಳ ಸ್ಥಾನ ಗೊತ್ತಿರಬೇಕು. ಇ 5, ಜೆ 10, ಒ 15, ಟಿ 20, ವೈ 25. ಈ ಐದು ಬಾಯಿಪಾಠ ಆದರೆ ಉಳಿದವನ್ನು ಹಿಂದೆ ಮುಂದೆ ಎಣಿಸಬಹುದು. ಉಲ್ಟಾ ಅಕ್ಷರ ಬೇಕಿದ್ದರೆ 27ರಲ್ಲಿ ಕಳೆಯಬೇಕು: ಎ 1 ಆದರೆ ಜೋಡಿ 26ನೇ ಅಕ್ಷರ ಜೆಡ್.

ಸರಣಿಯಲ್ಲಿ ಮೊದಲು ಪಕ್ಕಪಕ್ಕದ ಸಂಖ್ಯೆಗಳ ವ್ಯತ್ಯಾಸ ಬರೆಯಿರಿ. 2, 6, 12, 20, 30 ಆದಮೇಲೆ? ವ್ಯತ್ಯಾಸ 4, 6, 8, 10, ಮುಂದಿನದು 12. ಉತ್ತರ 42.

ದಿಕ್ಕಿನ ಪ್ರಶ್ನೆಗೆ ಪ್ರತಿ ಸಲ ನೋಟ್‌ಬುಕ್ಕಿನ ಮೂಲೆಯಲ್ಲಿ ಮೇಲೆ "ಉ" ಬರೆದೇ ಶುರು ಮಾಡಲಿ. ಬೆಳಿಗ್ಗೆ ನೆರಳು ಪಶ್ಚಿಮಕ್ಕೆ, ಸಂಜೆ ಪೂರ್ವಕ್ಕೆ. ಉತ್ತರಕ್ಕೆ 3 ಕಿಲೋಮೀಟರ್ ನಡೆದು ಬಲಕ್ಕೆ ತಿರುಗಿ 4 ಕಿಲೋಮೀಟರ್ ಹೋದರೆ ಹೊರಟ ಜಾಗದಿಂದ ನೇರ ದೂರ 5 ಕಿಲೋಮೀಟರ್. ಪೈಥಾಗೊರಸ್ ಪಾಠ ಇನ್ನೂ ಬರದ ಎಂಟನೇ ತರಗತಿ ಮಕ್ಕಳಿಗೆ 3, 4, 5 ಮತ್ತು 5, 12, 13 ಎರಡು ಜೋಡಣೆ ನೆನಪಿಟ್ಟುಕೊಳ್ಳಲು ಹೇಳಿ.

5. ಮಿರ್ಚಿ ಬಂಡಿಯ ಲೆಕ್ಕ

ವ್ಯವಹಾರದ ಪಾಠಕ್ಕೆ ನಾನು ಎಲ್ಲರಿಗೂ ಹೇಳುವ ಮೊದಲ ಲೆಕ್ಕ ಇದು. ಸಂಜೆ ಐದಕ್ಕೆ ಬಳ್ಳಾರಿಯ ಯಾವುದೇ ಸರ್ಕಲ್ಲಿಗೆ ಹೋಗಿ, ಒಗ್ಗರಣೆ ಮಿರ್ಚಿ ಬಂಡಿ ಇಲ್ಲದೆ ಇರುವುದಿಲ್ಲ. ಮಗು ದಿನಾ ನೋಡುವ, ತಿನ್ನುವ ವಸ್ತು. ಕೆಳಗಿನ ಅಂಕಿಗಳು ಕಲಿಕೆಗಾಗಿ ನಾನು ಹಾಕಿಕೊಂಡವು. ನಿಮ್ಮೂರಿನ ಬಂಡಿಯವರನ್ನು ಕೇಳಿ ನಿಜವಾದ ಅಂಕಿ ಹಾಕಿಸಿ.

ಒಂದು ಮಿರ್ಚಿ 10 ರೂಪಾಯಿಗೆ ಮಾರಾಟ. ಕಡಲೆಹಿಟ್ಟು, ಮೆಣಸಿನಕಾಯಿ, ಎಣ್ಣೆ, ಗ್ಯಾಸು, ಕಾಗದ ಎಲ್ಲ ಸೇರಿ ಒಂದಕ್ಕೆ 6 ರೂಪಾಯಿ ಖರ್ಚು. ಇದು ಮಾಡಿದಷ್ಟೂ ಏರುವ ಖರ್ಚು, ಪುಸ್ತಕದಲ್ಲಿ ಬದಲಾಗುವ ವೆಚ್ಚ ಅನ್ನುತ್ತಾರೆ. ಇನ್ನು ಒಂದು ಮಿರ್ಚಿ ಮಾರದಿದ್ದರೂ ತಪ್ಪದ ಖರ್ಚು: ಬಂಡಿ ಬಾಡಿಗೆ 100, ಜಾಗದ ಬಾಡಿಗೆ 50, ದೀಪಕ್ಕೆ 30, ಆಳಿನ ಕೂಲಿ 300. ಒಟ್ಟು 480. ಇದು ಸ್ಥಿರ ವೆಚ್ಚ.

ಈಗ ಕೇಳಿ: ಎಷ್ಟು ಮಿರ್ಚಿ ಮಾರಿದರೆ ಅಸಲು ಹುಟ್ಟುತ್ತದೆ?

ಒಂದು ಮಿರ್ಚಿಗೆ ಉಳಿಯುವುದು 4 ರೂಪಾಯಿ. 480ನ್ನು 4ರಿಂದ ಭಾಗಿಸಿದರೆ 120. 120ನೇ ಮಿರ್ಚಿವರೆಗೆ ಬಂಡಿಯವರು ಬಾಡಿಗೆ, ಕೂಲಿ ತೀರಿಸುತ್ತಿರುತ್ತಾರೆ. ಅವರ ಲಾಭ ಶುರುವಾಗುವುದು 121ನೇ ಮಿರ್ಚಿಯಿಂದ. ಈ 120ಕ್ಕೆ ಬ್ರೇಕ್ ಈವನ್ ಅಂತ ಹೆಸರು. ನಮ್ಮ ಕಡೆ "ಅಸಲು ಹುಟ್ಟಿತು" ಅನ್ನುವುದೂ ಇದನ್ನೇ.

200 ಮಾರಿದ ದಿನ: 800ರಲ್ಲಿ 480 ಕಳೆದು 320 ಲಾಭ. ಮಳೆ ಬಂದು 90 ಮಾತ್ರ ಹೋದ ದಿನ: 360 ಬಂತು, 120 ಕೈಯಿಂದ ಹೋಯಿತು. ಮಳೆಗೆ ಕಲಸಿದ ಹಿಟ್ಟು ಉಳಿದು ಕೆಟ್ಟಿದ್ದರೆ ಅದೂ ಸೇರಿಸಬೇಕು. ಬೆಲೆ 12 ಮಾಡಿ, ಗಿರಾಕಿ ಕಡಿಮೆಯಾಗಿ 160 ಮಾರಿದರೆ? ಒಂದಕ್ಕೆ 6 ಉಳಿಯಿತು, 960ರಲ್ಲಿ 480 ಕಳೆದರೆ 480. ಕಡಿಮೆ ಮಾರಿ ಜಾಸ್ತಿ ಲಾಭ. ಹಾಗಾದರೆ 15 ಮಾಡಬಹುದಾ? ಇದಕ್ಕೆ ಸೂತ್ರ ಇಲ್ಲ. ಪಕ್ಕದ ಬಂಡಿಯವರು 10ಕ್ಕೇ ಕೊಡುತ್ತಿದ್ದಾರಾ, ಶಾಲೆ ಬಿಡುವ ಹೊತ್ತಾ, ಸಂತೆ ದಿನವಾ, ಇವೆಲ್ಲ ನೋಡಬೇಕು. ಮಗು ಇಲ್ಲಿ ಸ್ವಲ್ಪ ಹೊತ್ತು ಯೋಚಿಸಲಿ. ಮಾರುಕಟ್ಟೆ ಎಂಬ ಪಾಠ ಅದೇ.

ತಪ್ಪುವ ಜಾಗಗಳು ಇಲ್ಲೂ ಇವೆ. ಒಂದು, ಶೇಕಡಾ ಯಾವುದರ ಮೇಲೆ ಎಂದು ಕೇಳದಿರುವುದು. 6ಕ್ಕೆ 4 ಉಳಿದರೆ ಅಸಲಿನ ಮೇಲೆ ಸುಮಾರು ಶೇ 67, ಮಾರಿದ ಬೆಲೆಯ ಮೇಲೆ ಶೇ 40. ಎರಡೂ ಸರಿ, ಆದರೆ ಶಾಲೆಯ ಗಣಿತದಲ್ಲಿ ಲಾಭದ ಶೇಕಡಾವನ್ನು ಅಸಲಿನ ಮೇಲೆ ಲೆಕ್ಕ ಹಾಕುತ್ತಾರೆ. ವ್ಯಾಪಾರಿಗಳು "ಮಾರ್ಜಿನ್" ಅಂದಾಗ ಸಾಮಾನ್ಯವಾಗಿ ಮಾರಿದ ಬೆಲೆಯ ಮೇಲೆ ಹೇಳುತ್ತಿರುತ್ತಾರೆ.

ಇನ್ನೊಂದು ತಪ್ಪು ನನಗೆ ಬಹಳ ಕಾಡುತ್ತದೆ. ಮಕ್ಕಳು ಬರೆದ ಲೆಕ್ಕದಲ್ಲಿ ಆಳಿನ ಕೂಲಿ ಇರುತ್ತದೆ, ಮನೆಯಲ್ಲಿ ಮಧ್ಯಾಹ್ನದಿಂದ ಹಿಟ್ಟು ಜರಡಿ ಹಿಡಿದು, ಮೆಣಸಿನಕಾಯಿ ಸೀಳಿ, ಪಾತ್ರೆ ತೊಳೆದ ಅವ್ವನ ದುಡಿಮೆ ಇರುವುದಿಲ್ಲ. ಅದಕ್ಕೂ ಒಂದು ಸಾಲು ಬರೆಸಿ. ಅವ್ವನಿಗೆ ದಿನಕ್ಕೆ 250 ಅಂತ ಹಾಕಿದರೆ 320ರ ಲಾಭ 70ಕ್ಕೆ ಇಳಿಯುತ್ತದೆ. ಆಗ ಮಗುವಿಗೆ ಆ ಬಂಡಿ ನಿಜವಾಗಿ ಯಾರ ಬಲದ ಮೇಲೆ ನಿಂತಿದೆ ಅಂತ ಗೊತ್ತಾಗುತ್ತದೆ. ಹೊಲದ ಲೆಕ್ಕಕ್ಕೂ ಇದೇ ಮಾತು.

6. ಬಾಯಿಮಾತಿನ ಅಳತೆಗಳನ್ನು ಬಿಡಿಸುವುದು

ನಮ್ಮ ಭಾಗದ ವ್ಯಾಪಾರದಲ್ಲಿ ಅರ್ಧ ಮಾತು ಬಾಯಲ್ಲಿ ಬರುವುದೇ ಇಲ್ಲ. ಎಲ್ಲರಿಗೂ ಗೊತ್ತು ಅಂತ ಬಿಟ್ಟುಬಿಡುತ್ತಾರೆ. ತರ್ಕದ ಪ್ರಶ್ನೆಯಲ್ಲಿ ಇದಕ್ಕೆ "ಊಹೆ" ಅನ್ನುತ್ತಾರೆ: ಹೇಳದೆ ಇದ್ದರೂ ಮಾತಿನ ಹಿಂದೆ ಒಪ್ಪಿಕೊಂಡಿರುವ ಸಂಗತಿ.

ಭತ್ತ ನೋಡಿ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ದರವನ್ನು 75 ಕಿಲೋ ಚೀಲಕ್ಕೆ ಹೇಳುವುದು ರೂಢಿ. ಸರ್ಕಾರದ ಬೆಂಬಲ ಬೆಲೆ 100 ಕಿಲೋ ಕ್ವಿಂಟಲಿಗೆ. ಚೀಲಕ್ಕೆ 1,650 ಅಂದರೆ ಕ್ವಿಂಟಲಿಗೆ ಎಷ್ಟು? 1,650ನ್ನು 75ರಿಂದ ಭಾಗಿಸಿದರೆ ಕಿಲೋಗೆ 22, ಕ್ವಿಂಟಲಿಗೆ 2,200. ಆಯಾ ವರ್ಷದ ಬೆಂಬಲ ಬೆಲೆಯನ್ನು ಪೇಪರಿನಿಂದ ಬರೆದುಕೊಂಡು ಮಗುವೇ ಹೋಲಿಸಲಿ.

ಬಡ್ಡಿ ಇದಕ್ಕಿಂತ ಮುಖ್ಯ. ಊರಲ್ಲಿ "ಎರಡು ರೂಪಾಯಿ ಬಡ್ಡಿ" ಅಂದರೆ ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ. "ತಿಂಗಳಿಗೆ" ಎಂಬ ಪದ ಯಾರೂ ಹೇಳುವುದಿಲ್ಲ. ಬ್ಯಾಂಕಿನವರು "ಶೇ 12" ಅಂದರೆ ಅದು ವರ್ಷಕ್ಕೆ. ಅದನ್ನೂ ಯಾರೂ ಬಿಡಿಸಿ ಹೇಳುವುದಿಲ್ಲ. 2 ಸಣ್ಣದು, 12 ದೊಡ್ಡದು ಅಂತ ಮಗುವಿಗೆ ಕಾಣುತ್ತದೆ. ಲೆಕ್ಕ ಹಾಕಿಸಿ: 10,000 ರೂಪಾಯಿಗೆ ಊರ ಬಡ್ಡಿ ತಿಂಗಳಿಗೆ 200, ವರ್ಷಕ್ಕೆ 2,400. ಬ್ಯಾಂಕಿನದು ವರ್ಷಕ್ಕೆ 1,200. ಮೂರು ರೂಪಾಯಿ ಬಡ್ಡಿ ಆದರೆ 3,600. ಈ ಪುಟವನ್ನು ಮನೆಯ ದೊಡ್ಡವರಿಗೂ ಓದಿ ಹೇಳಲು ಮಗುವಿಗೆ ಹೇಳಿ.

ಗಂಜಿನ ಪಟ್ಟಿಯನ್ನೂ ಇದೇ ರೀತಿ ಓದಬೇಕು. ಮೇಲೆ ತೂಕ, ದರ, ಒಟ್ಟು ಮೊತ್ತ. ಕೆಳಗೆ ಒಂದೊಂದೇ ಕಡಿತ: ಹಮಾಲಿ, ತೂಕದ ಖರ್ಚು, ಮುಂಗಡ ತಂದ ಸಾಲದ ಕಡಿತ. ಕೊನೆಗೆ ಕೈಗೆ ಬಂದ ರೊಕ್ಕ. ಪ್ರತಿ ಸಾಲಿಗೂ "ಇದು ಯಾಕೆ?" ಅಂತ ಮಗು ಕೇಳಲಿ, ಅಪ್ಪ ಹೇಳಲಿ. ಅಪ್ಪನಿಗೂ ಗೊತ್ತಿಲ್ಲದ ಸಾಲು ಸಿಕ್ಕರೆ ದಲಾಲರನ್ನು ಕೇಳಬೇಕು. ಕೇಳುವುದಕ್ಕೆ ನಾಚಿಕೆ ಬೇಡ.

7. ಲಾಭ ಇದೆ, ರೊಕ್ಕ ಇಲ್ಲ

ಬಳ್ಳಾರಿಯ ಜೀನ್ಸ್ ಹೊಲಿಗೆ ಗೊತ್ತಿರುವವರಿಗೆ ಈ ಪಾಠ ಕೂಡಲೇ ಅರ್ಥ ಆಗುತ್ತದೆ. ಒಬ್ಬರು ಮನೆಯಲ್ಲಿ ಮಿಷನ್ ಇಟ್ಟು 500 ಪೀಸ್ ಹೊಲಿದುಕೊಟ್ಟರು ಅನ್ನಿ. ಪೀಸಿಗೆ 20ರಂತೆ 10,000 ಬರಬೇಕು. ನೂಲು, ಕರೆಂಟು, ಕೂಲಿ ಸೇರಿ ಖರ್ಚು 6,000. ಲಾಭ 4,000. ಆದರೆ ಹೊಲಿಯಲು ಕೊಟ್ಟವರು ರೊಕ್ಕ ಕೊಡುವುದು ಒಂದೂವರೆ ತಿಂಗಳಿಗೆ, ಕೂಲಿ ಕೊಡಬೇಕಾದ್ದು ಈ ಶನಿವಾರ. ಪುಸ್ತಕದಲ್ಲಿ ಲಾಭ ಇದೆ, ಡಬ್ಬಿಯಲ್ಲಿ ರೊಕ್ಕ ಇಲ್ಲ. ಈ ಮಧ್ಯದ ದಿನಗಳನ್ನು ದಾಟಿಸಲು ಬೇಕಾಗುವ ಹಣಕ್ಕೆ ದುಡಿಯುವ ಬಂಡವಾಳ ಅನ್ನುತ್ತಾರೆ. ಅದಿಲ್ಲದೆ ಹೋದವರೇ ಎರಡು ರೂಪಾಯಿ ಬಡ್ಡಿಗೆ ಹೋಗುವುದು.

ಅದಕ್ಕೇ ಮಗುವಿನ ನೋಟ್‌ಬುಕ್ಕಿನಲ್ಲಿ ಎರಡು ಬೇರೆ ಪುಟ ಇರಲಿ. ಒಂದರಲ್ಲಿ ನಗದು: ಇವತ್ತು ಬಂದದ್ದು, ಹೋದದ್ದು, ಉಳಿದದ್ದು. ಇನ್ನೊಂದರಲ್ಲಿ ಉದ್ರಿ: ಯಾರಿಂದ ಬರಬೇಕು, ಯಾರಿಗೆ ಕೊಡಬೇಕು, ಯಾವ ತಾರೀಖಿಗೆ. ಕಿರಾಣಿ ಅಂಗಡಿಯಲ್ಲಿ "ಇಂದು ನಗದು, ನಾಳೆ ಉದ್ರಿ" ಅಂತ ಬರೆದಿರುತ್ತಾರಲ್ಲ, ಅದೂ ಒಳ್ಳೆಯ ತರ್ಕದ ಪ್ರಶ್ನೆ. ಉದ್ರಿ ಯಾವ ದಿನ ಸಿಗುತ್ತದೆ ಅಂತ ಮಗುವನ್ನು ಕೇಳಿ.

ಒಂದು ತಿಂಗಳು ಮನೆಯ ಖರ್ಚನ್ನೇ ಬರೆಸಿ. ಪ್ರತಿ ರಾತ್ರಿ ಪುಟದ ಉಳಿಕೆ ಮತ್ತು ಡಬ್ಬಿಯ ರೊಕ್ಕ ಹೊಂದಬೇಕು. ಹೊಂದದಿದ್ದರೆ ಅಂಕಿ ತಿದ್ದಬಾರದು, "ವ್ಯತ್ಯಾಸ 15 ರೂಪಾಯಿ" ಅಂತ ಬರೆದು ಮುಂದೆ ಹೋಗಬೇಕು. ಹೊಂದಿಸಲು ಸುಮ್ನೆ ಅಂಕಿ ಬದಲಿಸುವ ಚಟ ಚಿಕ್ಕಂದಿನಲ್ಲೇ ತಪ್ಪಿಸಿ.

8. ಫೋನಿನ ರೊಕ್ಕ, ಬಿಲ್ಲು, ತೆರಿಗೆ

ಯುಪಿಐ 2016ರಲ್ಲಿ ಶುರುವಾಯಿತು, ಈಗ ಸಂತೆಯಲ್ಲಿ ಕೊತ್ತಂಬರಿ ಮಾರುವವರ ಹತ್ತಿರವೂ ಕ್ಯೂಆರ್ ಚೀಟಿ ಇದೆ. ಮಗುವಿಗೆ ಒಂದೇ ವಾಕ್ಯ ಬಾಯಿಪಾಠ ಮಾಡಿಸಿ: ಹಣ ಕೊಡಲು ಪಿನ್ ಬೇಕು, ಪಡೆಯಲು ಬೇಡ. "ನಿಮಗೆ ರೊಕ್ಕ ಬಂದಿದೆ, ಪಿನ್ ಒತ್ತಿ" ಅನ್ನುವವರು ಮೋಸಗಾರರೇ. ಇದೂ ಹೇಳಿಕೆ, ತೀರ್ಮಾನದ ಲೆಕ್ಕವೇ ಅಲ್ವಾ? ಮೋಸ ಆಗಿಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು.

ಜಿಎಸ್‌ಟಿ 2017ರ ಜುಲೈ 1ರಿಂದ ಇದೆ. ಮಕ್ಕಳು ಎರಡು ವಿಷಯ ತಿಳಿದಿರಬೇಕು. ಪೊಟ್ಟಣದ ಮೇಲಿನ ಎಂಆರ್‌ಪಿಯಲ್ಲಿ ತೆರಿಗೆ ಎಲ್ಲ ಸೇರಿರುತ್ತದೆ, ಅದರ ಮೇಲೆ ಮತ್ತೆ ಜಿಎಸ್‌ಟಿ ಕೇಳುವಂತಿಲ್ಲ. ಕೇಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಎರಡನೆಯದು, ಶೇ 18 ತೆರಿಗೆ ಸೇರಿ ಬಿಲ್ 118 ರೂಪಾಯಿ ಆಗಿದ್ದರೆ ತೆರಿಗೆ 18 ರೂಪಾಯಿ. ಮಕ್ಕಳು 118ಕ್ಕೆ ಶೇ 18 ಹಾಕಿ 21 ರೂಪಾಯಿ 24 ಪೈಸೆ ಅಂತ ಬರೆಯುತ್ತಾರೆ. 118ರಲ್ಲಿ 100 ಮಾಲಿನ ಬೆಲೆ ಅಂತ ಮೊದಲು ಬಿಡಿಸಿಕೊಳ್ಳಬೇಕು.

10 ವರ್ಷ ದಾಟಿದ ಮಕ್ಕಳು ತಮ್ಮ ಹೆಸರಿನ ಉಳಿತಾಯ ಖಾತೆಯನ್ನು ತಾವೇ ನಡೆಸಲು ರಿಸರ್ವ್ ಬ್ಯಾಂಕ್ ಅವಕಾಶ ಕೊಟ್ಟಿದೆ. ಮಿತಿ ಎಷ್ಟು ಎಂಬುದು ಬ್ಯಾಂಕಿನ ಮೇಲೆ. ಈಗಲೇ ತೆರೆಸಿ, ಸ್ಕಾಲರ್‌ಶಿಪ್‌ಗೂ ಖಾತೆ ಬೇಕೇ ಬೇಕು.

9. ತಿಂಗಳಿಗೊಂದು ಭಾನುವಾರ ಹೊರಗೆ

ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಕರೆದುಕೊಂಡು ಹೋಗಿ. ಹಗುರ ಮರದ ಆ ಬೊಂಬೆಗಳಿಗೆ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಅಂದರೆ ಆ ಹೆಸರು ಆ ಊರಿನ ಕೆಲಸಕ್ಕೆ ಮಾತ್ರ, ಬೇರೆ ಕಡೆ ಮಾಡಿ ಕಿನ್ನಾಳ ಬೊಂಬೆ ಅಂತ ಮಾರುವಂತಿಲ್ಲ. ಕುಶಲಕರ್ಮಿಗಳನ್ನು ಮಗು ಕೇಳಬೇಕಾದ ಪ್ರಶ್ನೆ: ಒಂದು ಬೊಂಬೆಗೆ ಎಷ್ಟು ದಿನ? ಮರ ಎಷ್ಟು, ಬಣ್ಣ ಎಷ್ಟು? ನೀವು ಕೊಟ್ಟ ಬೆಲೆಗೂ ಅಂಗಡಿಯ ಬೆಲೆಗೂ ಎಷ್ಟು ಅಂತರ? ಕೆಲಸ ನಡೆಯುವಾಗ ಮಧ್ಯೆ ಮಾತಾಡಿಸಬೇಡಿ, ಬಿಡುವು ಕೇಳಿಕೊಂಡು ಹೋಗಿ. ಸಾಧ್ಯವಾದರೆ ಒಂದು ಬೊಂಬೆ ಕೊಂಡುಕೊಳ್ಳಿ.

ಹೊರಗೆ ಹೋಗಲು ಆಗದ ತಿಂಗಳು ಕಾರಣ, ಪರಿಣಾಮದ ಸರಪಳಿ ಬರೆಸಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ನೀರು ಹರಿದುಹೋಗುತ್ತಿದ್ದ ಆ ವಾರ ಎಡದಂಡೆ ಕಾಲುವೆಯ ಊರುಗಳಲ್ಲಿ ಯಾರ್‍ಯಾರು ಚಿಂತೆಗೆ ಬಿದ್ದರು? ರೈತರು ಅಂತ ಎಲ್ಲರೂ ಹೇಳುತ್ತಾರೆ. ಮುಂದೆ ಹೋಗಲಿ: ಗೊಬ್ಬರ ಉದ್ರಿ ಕೊಟ್ಟ ಅಂಗಡಿ, ನಾಟಿಗೆ ಬರುವ ಕೂಲಿಯವರು, ಕೊಯ್ಲಿನ ಯಂತ್ರ ಸಾಲದಲ್ಲಿ ತಂದವರು, ರೈಸ್ ಮಿಲ್, ಲಾರಿ, ಮಿಲ್ಲಿನ ಮುಂದಿನ ಚಹಾದಂಗಡಿ. ಪ್ರತಿ ಬಾಣಕ್ಕೂ "ಖಂಡಿತ" ಅಥವಾ "ಇರಬಹುದು" ಅಂತ ಗುರುತು ಹಾಕಿಸಿ. ಎರಡನೇ ಹಂತದಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

10. ಎನ್‌ಎಂಎಂಎಸ್ ಬರೆಯುವವರಿಗೆ

ಈ ಪರೀಕ್ಷೆ ಎಂಟನೇ ತರಗತಿಯಲ್ಲಿ ಓದುವ ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ. ನವೋದಯ, ಕೇಂದ್ರೀಯ ವಿದ್ಯಾಲಯದವರಿಗೆ ಇಲ್ಲ. ಕುಟುಂಬದ ವರ್ಷದ ಆದಾಯ 3.5 ಲಕ್ಷ ಮೀರಿರಬಾರದು. ಏಳನೇ ತರಗತಿಯಲ್ಲಿ ಶೇ 55 ಅಂಕ ಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 50. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ.

ಎರಡು ಪತ್ರಿಕೆ. ಮ್ಯಾಟ್ ಅಂದರೆ ಬೌದ್ಧಿಕ ಸಾಮರ್ಥ್ಯ ಪರೀಕ್ಷೆ, ಸ್ಯಾಟ್ ಅಂದರೆ ಪಾಠಗಳ ಮೇಲಿನ ಪರೀಕ್ಷೆ. ಒಂದೊಂದಕ್ಕೂ 90 ಪ್ರಶ್ನೆ, 90 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದೂ ಖಾಲಿ ಬಿಡಬಾರದು. ಪರೀಕ್ಷೆಗೆ ಎರಡು ತಿಂಗಳಿರುವಾಗ ಗಡಿಯಾರ ಇಟ್ಟು ಹಳೇ ಪತ್ರಿಕೆ ಬರೆಸಲು ಶುರು ಮಾಡಿ, ವಾರಕ್ಕೊಂದು ಸಾಕು. ಉಳಿದ ದಿನ ತಪ್ಪಿದ ಪ್ರಶ್ನೆಗಳದ್ದೇ ಕೆಲಸ. ತಪ್ಪಿನ ಪಕ್ಕ ಕಾರಣ ಬರೆಯಲಿ: "ಪದ ಬಿಟ್ಟೆ", "ನಾನೇ ಸೇರಿಸಿಕೊಂಡೆ", "ಲೆಕ್ಕ ತಪ್ಪಿತು", "ಗೊತ್ತಿರಲಿಲ್ಲ". ಮೊದಲ ಎರಡು ಕಾರಣವೇ ಹೆಚ್ಚಾಗಿದ್ದರೆ ಹೊಸ ಪುಸ್ತಕ ಬೇಡ, ಎರಡನೇ ಹಂತಕ್ಕೆ ವಾಪಸ್ ಹೋಗಿ.

ಪಾಸಾದ ಮೇಲೂ ಕೆಲಸ ಮುಗಿಯುವುದಿಲ್ಲ. ಒಂಬತ್ತನೇ ತರಗತಿಗೆ ಹೋದ ಕೂಡಲೇ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಪ್ರತಿ ವರ್ಷ ನವೀಕರಿಸಬೇಕು. ಆಧಾರ್‌ನಲ್ಲಿ, ಶಾಲೆಯ ದಾಖಲೆಯಲ್ಲಿ, ಬ್ಯಾಂಕ್ ಖಾತೆಯಲ್ಲಿ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಇದೆಯಾ ಅಂತ ಈಗಲೇ ನೋಡಿ. ಒಂದರಲ್ಲಿ ಅಪ್ಪನ ಹೆಸರು ಸೇರಿ, ಇನ್ನೊಂದರಲ್ಲಿ ಬರೀ ಇನಿಷಿಯಲ್ ಇದ್ದು ತಿಂಗಳುಗಟ್ಟಲೆ ಅಲೆದವರನ್ನು ನೋಡಿದ್ದೇನೆ. ಹತ್ತನೇ ತರಗತಿಯಲ್ಲಿ ಶೇ 60, ಪರಿಶಿಷ್ಟರಿಗೆ ಶೇ 55 ಬಂದರೆ ಮಾತ್ರ ಪಿಯುಸಿಯಲ್ಲಿ ಮುಂದುವರಿಯುತ್ತದೆ. ಈ ಶರತ್ತನ್ನು ಮಗುವೇ ತನ್ನ ಕೈಯಲ್ಲಿ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಳ್ಳಲಿ.